ಹದಿನಾರು ಕೆರೆಯ ಸೂತಕ

ಗುರಿಕಾರ ಎಂದರೆ ಈಗ ಮನುಷ್ಯನಲ್ಲ, ಯಂತ್ರ. ನಿಯಂತ್ರಣ ಕೇಂದ್ರದ ಎರಡನೇ ಮಹಡಿಯಲ್ಲಿ, ಒಂದು ಕಪಾಟಿನಷ್ಟು ಜಾಗದಲ್ಲಿ ತಣ್ಣಗೆ ಕೂತು, ಕರಾವಳಿಯ ಹದಿನಾರು ಮರಳುದಿಬ್ಬದ ಕೆರೆಗಳ ಬಾಯಿಯನ್ನು ಯಾವತ್ತು ತೆರೆಯಬೇಕೆಂದು ಅದು ಹೇಳುತ್ತದೆ. ಸರ್ಕಾರಿ ಕಾಗದದಲ್ಲಿ ಅದಕ್ಕೊಂದು ಉದ್ದದ ಹೆಸರಿದೆ, ಯಾರೂ ಬಳಸುವುದಿಲ್ಲ. ಅಳಿವೆ ಕಡಿದು ಕೆರೆಯ ಬಾಯಿ ತೆರೆಯುವ ದಿನ ಹೇಳುವವನು ಗುರಿಕಾರ, ಹೇಳುವುದು ಯಂತ್ರವಾದರೆ ಅದೂ ಗುರಿಕಾರನೇ ಎಂದು ಊರವರು ತೀರ್ಮಾನ ಮಾಡಿಬಿಟ್ಟಿದ್ದರು.

ಆ ವರ್ಷ ಸೋಣೆ ತಿಂಗಳ ಕೃಷ್ಣಾಷ್ಟಮಿಯ ಬೆಳಿಗ್ಗೆ ಒಂಬತ್ತೂಕಾಲಿಗೆ ಪರದೆಯ ಮೇಲೆ ಹೊಯಿಗೆಕೆರೆಯ ಹೆಸರಿನ ಮುಂದೆ 'ಇವತ್ತು' ಎಂದು ಹಸಿರು ಅಕ್ಷರ ಮೂಡಿತು. ಪರದೆ ಕಾಯುವ ಕೆಲಸದ ಜಲಜಾಕ್ಷಿ ಚಹಾದ ಲೋಟ ಕೆಳಗಿಟ್ಟು ಗುಂಡಿ ಒತ್ತಿದಳು. ಎಂಟು ಮೈಲಿ ದೂರದಲ್ಲಿ ದಿಬ್ಬದಡಿ ಹೂತಿಟ್ಟ ಕೊಳವೆಗಳು ಮರಳಿಗೆ ನೀರು ಊದಿ ಅದನ್ನು ಸಡಿಲಿಸತೊಡಗಿದವು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಹಿಂದೆ ಗುರಿಕಾರರಾಗಿದ್ದ ಅವಳ ಅಪ್ಪಯ್ಯನಿಗಾದರೆ ಇದೇ ಕೆಲಸಕ್ಕೆ ಮೂರು ದಿನದ ಉಪವಾಸ ಬೇಕಾಗುತ್ತಿತ್ತು.

ಹೊಯಿಗೆಕೆರೆ ದೊಡ್ಡ ಕೆರೆಯೇನಲ್ಲ. ಸುತ್ತು ಹಾಕಿದರೆ ಮುಕ್ಕಾಲು ಗಂಟೆಯ ನಡಿಗೆ. ಪೂರ್ವದಿಂದ ಎರಡು ತೋಡುಗಳು ಬಂದು ಸೇರುತ್ತವೆ. ಪಶ್ಚಿಮಕ್ಕೆ ಅಡುಂಬು ಬಳ್ಳಿಯೂ ರಾವಣನ ಮೀಸೆ ಹುಲ್ಲೂ ಹಿಡಿದು ನಿಲ್ಲಿಸಿದ ಮರಳಿನ ದಿಬ್ಬ, ದಿಬ್ಬದಾಚೆ ಕಡಲು. ಮಳೆಗೆ ಕೆರೆ ತುಂಬಿ ಕೇದಗೆಯ ಬುಡ ಮುಟ್ಟಿದಾಗ, ದಿಬ್ಬ ತೆಳ್ಳಗಿರುವಲ್ಲಿ ಒಂದು ಗುದ್ದಲಿಯಗಲದ ಗೀರು ಹಾಕಿದರೆ ಸಾಕು, ಉಳಿದದ್ದನ್ನು ನೀರೇ ಮಾಡಿಕೊಳ್ಳುತ್ತದೆ. ಕೆರೆ ಕಡಲಿಗೆ ಹರಿಯುತ್ತದೆ, ಉಬ್ಬರ ಬಂದಾಗ ಕಡಲು ಕೆರೆಯೊಳಕ್ಕೆ ಬರುತ್ತದೆ. ಹಾಗೆ ಬರುವ ಉಪ್ಪುನೀರಿನ ಜೊತೆ ಅಕ್ಕಿನುಚ್ಚಿನಷ್ಟು ಸಣ್ಣ ಸಿಗಡಿಮರಿಗಳು, ಕಾಣೆಮೀನಿನ ಮರಿಗಳು, ಏಡಿಮರಿಗಳು ಬಂದು ಸೇರಿ ಕೆರೆಯಲ್ಲಿ ದೊಡ್ಡದಾಗುತ್ತವೆ. ಕೆಲವು ವಾರಗಳ ಮೇಲೆ ಅಲೆಗಳೇ ಮರಳು ತಂದು ಬಾಯಿ ಮುಚ್ಚುತ್ತವೆ. ಇದು ಆ ಕೆರೆ ಉಸಿರಾಡುವ ರೀತಿ.

ಯಂತ್ರ ಇದನ್ನು ಕಲಿತದ್ದು ಜಲಜಾಕ್ಷಿಯ ಅಪ್ಪಯ್ಯ ಕುಷ್ಟ ಗುರಿಕಾರರಿಂದ. ಕೇಂದ್ರ ಶುರುವಾದಾಗ ವಿಜ್ಞಾನಿಗಳು ಕರಾವಳಿಯುದ್ದಕ್ಕೂ ಹುಡುಕಿದರು. ಎಲ್ಲ ಕಡೆ ಅಳಿವೆ ಕಡಿಯುವ ದಿನ ಒಬ್ಬರಾದರೂ ನೀರುಪಾಲಾಗುತ್ತಿದ್ದರು. ಹೊಯಿಗೆಕೆರೆಯಲ್ಲಿ ಮಾತ್ರ ಹತ್ತಾರು ವರ್ಷಗಳಿಂದ ಒಂದು ಕೋಳಿಮರಿಯೂ ಸತ್ತಿರಲಿಲ್ಲ. ಸರಿ, ಇವರೇ ಗುರು ಎಂದು ಅವರ ಮಣಿಕಟ್ಟಿಗೊಂದು ಪಟ್ಟಿ ಕಟ್ಟಿದರು. ಹನ್ನೊಂದು ವರ್ಷ ಆ ಪಟ್ಟಿ ಅವರ ಜೊತೆಗಿತ್ತು. ಅವರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು, ನಾಡಿ ಹೇಗೆ ಬಡಿಯಿತು ಎಂಬುದನ್ನೆಲ್ಲ ಅದು ಬರೆದುಕೊಂಡಿತು. ಕೆರೆಗೆ ನೆಟ್ಟ ಅಳತೆಕಂಬಗಳು ನೀರಿನ ಮಟ್ಟ, ಉಪ್ಪು, ಗಾಳಿ ಬರೆದುಕೊಂಡವು. ಅವರು 'ಇವತ್ತು' ಎಂದಾಗ ಇವೆಲ್ಲ ಹೇಗಿದ್ದವೆಂದು ಯಂತ್ರ ನೋಡಿತು. ಯಾಕೆ ಎಂದು ಅದು ಕೇಳಲಿಲ್ಲ. ಕೇಳುವ ಅಭ್ಯಾಸ ಅದಕ್ಕಿಲ್ಲ. ಊರವರಿಗೂ ಇರಲಿಲ್ಲವೆನ್ನಿ. ಗುರಿಕಾರರು ವರ್ಷವೂ ಅಷ್ಟಮಿಗೇ ಕಡಿಯುತ್ತಾರೆ, ಕುಷ್ಟ ಎಂದರೆ ಕೃಷ್ಣ, ಅವರ ಹೆಸರೂ ಕೃಷ್ಣನದ್ದು ದಿನವೂ ಕೃಷ್ಣನದ್ದು ಎಂದು ಕೈಮುಗಿದು ಸುಮ್ಮನಾಗಿದ್ದರು.

ಕುಷ್ಟ ಗುರಿಕಾರರು ತೀರಿಕೊಂಡು ಎರಡು ವರ್ಷವಾಗಿತ್ತು. ಯಂತ್ರ ಹದಿನಾರು ಕೆರೆಗಳನ್ನು ವಹಿಸಿಕೊಂಡು ನಾಲ್ಕು ವರ್ಷ. ಈ ನಾಲ್ಕು ವರ್ಷಗಳಲ್ಲಿ ಹದಿನಾರು ಊರುಗಳಲ್ಲಿ ಒಂದೇ ಒಂದು ಸಾವಿಲ್ಲ. ಅದಕ್ಕೆ ಕೇಂದ್ರಕ್ಕೆ ಪ್ರಶಸ್ತಿಯೂ ಬಂದಿತ್ತು.

ಸಂಜೆ ಜಲಜಾಕ್ಷಿ ಊರಿಗೆ ಬಂದಾಗ ಕೆರೆಯ ಬಾಯಿಯಲ್ಲಿ ಮೊಣಕಾಲುದ್ದದ ನೀರು ಜುಳುಜುಳು ಹರಿಯುತ್ತಿತ್ತು. ಹೊರಗಿನಿಂದ ಬಂದ ಜನ ಮಕ್ಕಳನ್ನು ಟ್ಯೂಬಿನಲ್ಲಿ ಕೂರಿಸಿ ತೇಲಿಬಿಡುತ್ತಿದ್ದರು. ಟ್ಯೂಬು ಬಾಡಿಗೆಗೆ ಕೊಡುವುದು ಜಲಜಾಕ್ಷಿಯ ಅಬ್ಬಿ, ಅಂದರೆ ತಾಯಿ, ಮುಕಾಂಬು. ಎಪ್ಪತ್ತು ದಾಟಿದ ಅವಳು ಪ್ರತಿ ಟ್ಯೂಬಿಗೂ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ದಡದ ತೆಂಗಿನಮರಕ್ಕೆ ಕಟ್ಟಿರುತ್ತಿದ್ದಳು. ಕಟ್ಟಿದ ಕರುವಿನ ಹಾಗೆ ತೇಲುವುದರಲ್ಲಿ ಏನು ಮಜಾ ಎಂದು ಗಿರಾಕಿಗಳು ನಕ್ಕರೆ, "ಮಜಾ ಬೇಕಾರೆ ಬೇರೆ ಕಡೆ ಹೋಯ್ನಿ," ಎಂದು ಟ್ಯೂಬನ್ನು ವಾಪಸು ಎಳೆದುಕೊಳ್ಳುತ್ತಿದ್ದಳು.

ಮೂರನೆಯ ದಿನ ಬಾಯಿ ಮುಚ್ಚಿತು. ಅದೂ ಪ್ರತಿ ವರ್ಷದ ಹಾಗೆಯೇ.

ನಾಲ್ಕನೆಯ ದಿನ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಅನಸೂಯಾ ಶಾನುಭಾಗ್ ಜಲಜಾಕ್ಷಿಯನ್ನು ಪ್ರಯೋಗಾಲಯಕ್ಕೆ ಕರೆದರು. ಮೇಜಿನ ಮೇಲೆ ಉದ್ದುದ್ದದ ಗಾಜಿನ ಕೊಳವೆಗಳು ಮಲಗಿದ್ದವು. ಒಳಗೆ ಕೆರೆತಳದ ಕೆಸರು, ಕಪ್ಪಗೆ, ಪದರ ಪದರವಾಗಿ.

"ಸಿಗಡಿ ಹೋಯ್ತು, ಕಾಣೆಮೀನು ಹೋಯ್ತು, ನೀರುನಾಯಿಗಳೂ ಹೋದವು," ಎಂದರು ಶಾನುಭಾಗ್. "ಹದಿನಾರೂ ಕೆರೆಗಳ ತಳದಲ್ಲಿ ಈಗ ಪ್ರಾಣವಾಯುವೇ ಇಲ್ಲ ಜಲಜಾಕ್ಷಿ. ಇನ್ನು ಎರಡು ವರ್ಷ ಹೀಗೇ ಆದರೆ ಅವು ಕೆರೆಗಳಲ್ಲ, ಮುಚ್ಚಳ ಹಾಕಿದ ಗುಂಡಿಗಳು. ಯಾಕೆ ಅಂತ ನೋಡಲು ಇದನ್ನು ತೆಗೆಸಿದೆ."

ಅವರು ಒಂದು ಕೊಳವೆಯ ಮೇಲೆ ಪೆನ್ಸಿಲ್ ಇಟ್ಟು ತೋರಿಸಿದರು. ಅಳಿವೆ ಚೆನ್ನಾಗಿ ತೆರೆದ ವರ್ಷ ಕಡಲು ಒಳಗೆ ಬಂದು ತಳದಲ್ಲಿ ಬಿಳಿ ಮರಳಿನ, ಚಿಪ್ಪಿನ ಚೂರುಗಳ ಒಂದು ಗೆರೆ ಬಿಟ್ಟುಹೋಗುತ್ತದೆ. ವರ್ಷಕ್ಕೊಂದು ಗೆರೆ. ಹೊಯಿಗೆಕೆರೆ ಬಿಟ್ಟು ಉಳಿದ ಹದಿನೈದು ಕೆರೆಗಳ ಕೊಳವೆಗಳಲ್ಲಿ ಕೆಳಗಿನಿಂದ ಮೇಲಿನವರೆಗೆ ಗೆರೆಗಳಿದ್ದವು, ಮೇಲಿನ ನಾಲ್ಕು ವರ್ಷಗಳದ್ದು ಮಾತ್ರ ಇರಲಿಲ್ಲ. ಯಂತ್ರ ಬಂದ ನಾಲ್ಕು ವರ್ಷ.

"ಅಷ್ಟಮಿಗೆ ಕಡಲಿನ ಏರಿಳಿತ ತೀರ ಕಡಿಮೆ. ಬಾಯಿ ಆಳ ಕೊರೆಯುವುದಿಲ್ಲ, ಮೂರು ದಿನಕ್ಕೇ ಮುಚ್ಚುತ್ತದೆ. ಅಮಾವಾಸ್ಯೆಗೆ ಇಳಿತ ಹೆಚ್ಚು, ಉಬ್ಬರವೂ ಹೆಚ್ಚು. ಇದು ನನಗೇ ಗೊತ್ತಿರುವಾಗ ನಿಮ್ಮ ತಂದೆಯವರಿಗೆ ಗೊತ್ತಿರಲಿಲ್ಲವೆ? ಮತ್ತೆ ಅವರು ಯಂತ್ರಕ್ಕೆ ಅಷ್ಟಮಿ ಯಾಕೆ ಕಲಿಸಿದರು? ಈಗ ಇದನ್ನು ನೋಡಿ. ಹೊಯಿಗೆಕೆರೆಯದ್ದು."

ಹೊಯಿಗೆಕೆರೆಯ ಕೊಳವೆಯಲ್ಲಿ ಮೇಲಿನ ಅರ್ಧಭಾಗ ಬರೀ ಕಪ್ಪು. ಬಿಳಿ ಗೆರೆಗಳು ಬಹಳ ಕೆಳಗೆ ಶುರುವಾಗಿದ್ದವು. ಎಲ್ಲಕ್ಕಿಂತ ಮೇಲಿನ ಗೆರೆ ಬೆರಳಿನಷ್ಟು ದಪ್ಪಗಿತ್ತು. ಆ ವರ್ಷ ಕಡಲು ವಿಪರೀತವಾಗಿ ಒಳನುಗ್ಗಿತ್ತೆಂದು ಅದರ ಅರ್ಥ.

"ಇದು ಎಷ್ಟು ವರ್ಷದ ಹಿಂದಿನದು ಮೇಡಂ?" ಎಂದು ಜಲಜಾಕ್ಷಿ ಕೇಳಿದಳು. ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು.

"ಮೂವತ್ತೊಂದು. ಆಮೇಲೆ ಒಂದು ಸಲವೂ ಇಲ್ಲ. ಅಂದಿನಿಂದ ನಿಮ್ಮ ತಂದೆಯವರು ಏನನ್ನೋ ಬದಲಾಯಿಸಿದ್ದಾರೆ. ನಿಮಗೇನಾದರೂ ನೆನಪಿದೆಯೆ?"

"ನಾನು ಸಣ್ಣವಳಿದ್ದೆ," ಎಂದಳು ಜಲಜಾಕ್ಷಿ. ಸುಳ್ಳೇನೂ ಅಲ್ಲ. ಒಂಬತ್ತು ವರ್ಷ.

ಮೂವತ್ತೊಂದು ವರ್ಷದ ಹಿಂದೆ ಅಳಿವೆ ಕಡಿಯುವುದು ಸೋಣೆ ಅಮಾವಾಸ್ಯೆಯ ಸಂಜೆ, ಇಳಿತದ ಹೊತ್ತಿಗೆ. ಗೀರಿನಲ್ಲಿ ಮೊದಲ ನೀರು ಓಡಿದಾಗ ಗುರಿಕಾರರ ಮನೆಯ ಮಗು ಬಾಳೆದಿಂಡಿನ ತೆಪ್ಪದ ಮೇಲೆ ಕೂತು ಆ ನೀರಿನ ಜೊತೆ ಕಡಲಿನ ಅಂಚಿನವರೆಗೆ ಜಾರಿಹೋಗಬೇಕು. ಅದು ಕಟ್ಟಳೆ. ಊರಿನ ಮಕ್ಕಳನ್ನು ನೀರಿಗಿಳಿಸುವ ಮೊದಲು ಗುರಿಕಾರ ತನ್ನ ಮನೆಯ ಮಗುವನ್ನು ಇಳಿಸಬೇಕೆಂಬುದು ಹಿರಿಯರ ಲೆಕ್ಕ. ಆಗ ಅವನು ದಿನ ನೋಡುವುದರಲ್ಲಿ ತಪ್ಪುವುದಿಲ್ಲ. ಆ ವರ್ಷ ಕೂತದ್ದು ಜಲಜಾಕ್ಷಿಯ ಅಕ್ಕ ಮೋಹಿನಿ. ಹದಿನೇಳು ವರ್ಷ, ಹಸಿರು ಲಂಗ. ತಾನೂ ಬರುತ್ತೇನೆಂದು ಜಲಜಾಕ್ಷಿ ಅತ್ತದ್ದಕ್ಕೆ, "ಬಪ್ಪ ವರ್ಷ ನೀನ್," ಎಂದು ಅಪ್ಪಯ್ಯ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಎತ್ತರದಿಂದ ಅವಳಿಗೆ ಎಲ್ಲ ಚೆನ್ನಾಗಿ ಕಂಡಿತು. ಅಪ್ಪಯ್ಯ ದಿನ ತಪ್ಪಿರಲಿಲ್ಲ. ಹಿಂದಿನ ವಾರದ ಮಳೆಗೆ ಕೆರೆ ಮಾತ್ರ ಎಂದಿಗಿಂತ ಎರಡು ಗೇಣು ಹೆಚ್ಚಿತ್ತು. ನೀರು ಹರಿಯಲಿಲ್ಲ, ದಿಬ್ಬವನ್ನೇ ಕಿತ್ತುಕೊಂಡು ಹೋಯಿತು. ಬಾಳೆದಿಂಡುಗಳು ಬಿಡಿಬಿಡಿಯಾಗಿ ಅಲೆಯ ಮೇಲೆ ಕಂಡವು. ಹಸಿರು ಲಂಗ ಒಂದು ಸಲ ಕಂಡಿತು. ಮೋಹಿನಿ ಸಿಕ್ಕಿದ್ದು ಮೂರನೆಯ ದಿನ, ತೆಂಕಲಾಗಿ ಮೂರು ಊರು ದಾಟಿ.

ಮರುವರ್ಷದಿಂದ ಅಷ್ಟಮಿ ಬಂತು. ತೆಪ್ಪದ ಕಟ್ಟಳೆ ಸದ್ದಿಲ್ಲದೆ ನಿಂತಿತು. ಸಿಗಡಿ ಕಡಿಮೆಯಾದಾಗ ಊರವರು ಕಾಲ ಕೆಟ್ಟಿತೆಂದರು. ಕಾಲಕ್ಕೇನು, ಯಾರು ಬೈದರೂ ಬೈಸಿಕೊಳ್ಳುತ್ತದೆ.

ಆ ಮಧ್ಯಾಹ್ನ ಜಲಜಾಕ್ಷಿ ಊಟಕ್ಕೆ ಹೋಗಲಿಲ್ಲ. ಅಪ್ಪಯ್ಯನ ಪಟ್ಟಿ ಬರೆದಿಟ್ಟ ಹನ್ನೊಂದು ವರ್ಷಗಳನ್ನು ತೆರೆದು ಕೂತಳು. ಅದನ್ನು ಯಾರೂ ಪೂರ್ತಿ ನೋಡಿರಲಿಲ್ಲ; ಯಂತ್ರ ಕಲಿತಾಗಿದೆ, ಇನ್ನು ಪಾಠಪುಸ್ತಕ ಯಾಕೆ? ಅಷ್ಟಮಿಗಳಂದು ಅವರ ನಾಡಿ ಸಮವಾಗಿತ್ತು. ಒಂದು ವಾರ ದಾಟಿ ಅಮಾವಾಸ್ಯೆಗೆ ಬಂದಳು. ಮೊದಲ ವರ್ಷ, ಸಂಜೆ ನಾಲ್ಕರಿಂದ ಆರು: ಕುಷ್ಟ ಗುರಿಕಾರರು ದಿಬ್ಬದ ಮೇಲೆ, ಹಳೆಯ ಗೀರು ಹಾಕುತ್ತಿದ್ದ ಜಾಗದಲ್ಲಿ ಒಬ್ಬರೇ ನಿಂತಿದ್ದಾರೆ. ಬಾಯಿ ಮುಚ್ಚಿ ನಾಲ್ಕು ದಿನವಾಗಿದೆ, ಅಲ್ಲಿ ಮಾಡುವ ಕೆಲಸವೇನೂ ಇಲ್ಲ. ನಾಡಿ ಓಡುವ ಮನುಷ್ಯನದ್ದಾಗಿದೆ, ಕಾಲು ಮಾತ್ರ ಒಂದು ಹೆಜ್ಜೆಯೂ ಕದಲಿಲ್ಲ. ಎರಡನೆಯ ವರ್ಷ, ಅದೇ. ಮೂರನೆಯ ವರ್ಷ, ಅದೇ. ಹನ್ನೊಂದು ವರ್ಷವೂ ಅಮಾವಾಸ್ಯೆಯ ಇಳಿತ ತಿರುಗುವವರೆಗೆ ಅವರು ಅಲ್ಲಿ ಕಾವಲು ನಿಂತಿದ್ದರು. ಯಾರೂ ಹುರುಪಿನಿಂದ ಬಂದು ಗೀರು ಹಾಕದಿರಲಿ ಎಂದು.

ಪಕ್ಕದ ಅಂಕಣದಲ್ಲಿ ಯಂತ್ರ ಹನ್ನೊಂದು ಸಲವೂ ಒಂದೇ ಷರಾ ಬರೆದಿತ್ತು: 'ಗದ್ದಲ'. ಅರ್ಥವಿಲ್ಲದ, ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲದ ದತ್ತಾಂಶಕ್ಕೆ ಅದು ಇಡುವ ಹೆಸರು ಅದು.

ಜಲಜಾಕ್ಷಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪಯ್ಯ ಸತ್ತಾಗಲೂ ಅವಳು ಇಷ್ಟು ಅತ್ತಿರಲಿಲ್ಲ. ಅಕ್ಕನ ಹೆಸರನ್ನು ಅಪ್ಪಯ್ಯ ಮತ್ತೆಂದೂ ಎತ್ತಲಿಲ್ಲ, ಅವರು ಮರೆತೇಬಿಟ್ಟರು ಎಂದು ಒಳಗೊಳಗೇ ಮೂವತ್ತು ವರ್ಷ ಅವರ ಮೇಲೆ ಸಿಟ್ಟಿಟ್ಟುಕೊಂಡವಳು ಅವಳು.

ಕಣ್ಣೊರೆಸಿಕೊಂಡು ಶಾನುಭಾಗರಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದಳು.

"ಹಾಗಾದರೆ ಯಂತ್ರ ತಪ್ಪು ಕಲಿಯಲಿಲ್ಲ," ಎಂದರು ಶಾನುಭಾಗ್. "ಅವರು ಕಲಿಸಿದ್ದನ್ನೇ ಕಲಿಯಿತು."

"ಹೌದು ಮೇಡಂ. ನಮ್ಮ ಮನೆಯ ಸೂತಕವನ್ನ ಹದಿನಾರು ಊರಿಗೆ ಹಂಚಿತು."

"ಆ ಹನ್ನೊಂದು ವರ್ಷಗಳನ್ನು ತೆಗೆದು ಹೊಸದಾಗಿ ಕಲಿಸಬೇಕಾಗುತ್ತದೆ. ಹಳೆಯ ಗೆರೆಗಳ ಆಧಾರದ ಮೇಲೆ." ಶಾನುಭಾಗ್ ಕನ್ನಡಕ ತೆಗೆದಿಟ್ಟರು. "ಆದರೆ ಈ ನಾಲ್ಕು ವರ್ಷ ಯಾರೂ ಸತ್ತಿಲ್ಲ ಎನ್ನುವುದೂ ಅವರು ಕಲಿಸಿದ್ದರಿಂದಲೇ ಅಲ್ಲವೆ? ಅಮಾವಾಸ್ಯೆಗೆ ತೆರೆದರೆ ನೀರು ಜೋರಾಗಿರುತ್ತದೆ. ಆದೇಶಕ್ಕೆ ನಾನು ಸಹಿ ಹಾಕುತ್ತೇನೆ. ಈ ವರ್ಷವೇ, ಮೊದಲು ಒಂದೇ ಕೆರೆ ತೆರೆದು ನೋಡೋಣ. ಹೊಯಿಗೆಕೆರೆ. ಅಮಾವಾಸ್ಯೆಗೆ ಮೂರು ದಿನವಿದೆ. ನಿಮ್ಮ ತಾಯಿಯವರಿಗೆ ನೀವು ಹೇಳಿ. ಅವರು ಬೇಡ ಎಂದರೆ ನನಗೆ ತಿಳಿಸಿ, ನಾನು ಬೇರೆ ಕೆರೆ ಆರಿಸುತ್ತೇನೆ."

ಮನೆಯಲ್ಲಿ ಮುಕಾಂಬು ಜಗಲಿಯ ಮೇಲೆ ಕೂತು ಟ್ಯೂಬಿನ ತೂತಿಗೆ ತೇಪೆ ಹಾಕುತ್ತಿದ್ದಳು. ಜಲಜಾಕ್ಷಿ ಎದುರು ಕೂತು ಕೊಳವೆಯ ವಿಷಯ ಹೇಳಿದಳು, ಗೆರೆಯ ವಿಷಯ ಹೇಳಿದಳು. ಮುಕಾಂಬು ತಲೆಯೆತ್ತಲಿಲ್ಲ. ಅಮಾವಾಸ್ಯೆಯ ಸಂಜೆಗಳ ವಿಷಯ ಬಂದಾಗ ಅವಳ ಕೈ ನಿಂತಿತು.

"ಎಲ್ಲಿ ನಿಂತಿದ್ರ್ ಅಂದೆ?"

"ಗೀರ್ ಹಾಕುವಲ್ಲಿ. ಹನ್ನೊಂದ್ ವರ್ಷವೂ. ಅದ್ಕಿಂತ ಮುಂಚೆಯೂ ನಿಂತಿದ್ರೋ ಏನೋ, ಆಗ ಪಟ್ಟಿ ಇರ್ಲಿಲ್ಲ."

"ನಂಗೆ ಬಲೆ ಕಾಂಬುಕೆ ಹೋಯ್ತೆ ಅಂದ್ಹೇಳಿ ಹೋಪ್ದ್ ಅವ್ರ್," ಎಂದಳು ಮುಕಾಂಬು. ತೇಪೆಯ ಅಂಟು ಅವಳ ಬೆರಳಲ್ಲೇ ಒಣಗುತ್ತಿತ್ತು. "ಮಗಾ, ಅಮಾಸಿಗ್ ಇನ್ನ್ ಕಡಿಬ್ಯಾಡಿ ಅಂದದ್ ನಾನ್. ಹೆಣ್ಣನ್ನ ಸುಟ್ಟ್ ಬಂದ ದಿನ ಹೇಳ್ದೆ. ಕೆರೆ ಸತ್ತ್ರೆ ಸಾಯ್ಲಿ, ನನ್ನ್ ಕಣ್ಣ್ ಮುಂದೆ ಆ ನೀರ್ ಮತ್ತೆ ಓಡುಕಾಗ ಅಂದೆ. ಅವ್ರಿಗ್ ಗೊತ್ತಿತ್ತ್, ಅಷ್ಟಮಿಗ್ ಕಡ್ರೆ ಕೆರೆ ಉಳುದಿಲ್ಲ ಅಂದ್ಹೇಳಿ. ಆಯ್ತ್ ಅಂದ್ರ್. ಒಂದ್ ಮಾತ್ ತಿರ್ಗ್ ಹೇಳ್ಲಿಲ್ಲ."

"ಅಬ್ಬೀ..."

"ಊರವ್ರೆಲ್ಲ ಗುರಿಕಾರ್ರು ಗುರಿಕಾರ್ರು ಅಂದ್ ಕೈ ಮುಗಿದ್ರ್. ಅವ್ರ್ ಗುರಿಕಾರ್ಕೆ ಬಿಟ್ಟದ್ ಆ ದಿನವೇ. ನಂಗೋಸ್ಕರ ಬಿಟ್ಟದ್." ಅವಳು ಟ್ಯೂಬನ್ನು ಪಕ್ಕಕ್ಕಿಟ್ಟಳು. "ಈಗ ಆ ಯಂತ್ರಕ್ಕೆ ಎಂತ ಮಾಡ್ತ್ರಿ?"

"ಅಪ್ಪಯ್ಯ ಕಲ್ಸಿದ್ದನ್ನ ತೆಗಿತ್ರ್. ಹೊಸ್ತಾಗಿ ಕಲ್ಸ್ತ್ರ್."

"ಆಗ ಅದಕ್ಕೆ ಹೆದ್ರಿಕಿ ಇರುದಿಲ್ಯಾ?"

"ಇರುದಿಲ್ಲ ಅಬ್ಬಿ. ನೀನ್ ಬ್ಯಾಡ ಅಂದ್ರೆ ನಮ್ಮ ಕೆರೆ ಬಿಡ್ತ್ರಂಬ್ರ್. ಬೇರೆ ಊರಿನ್ ಕೆರೆ ತಕಂತ್ರ್."

ಮುಕಾಂಬು ಕೆರೆಯ ಕಡೆ ನೋಡಿದಳು. ನೈದಿಲೆ ಎಲೆ ಅರ್ಧ ಕೆರೆಯನ್ನು ಮುಚ್ಚಿತ್ತು, ಉಳಿದರ್ಧದಲ್ಲಿ ಪೆಡಲ್ ದೋಣಿಗಳು ಸುಮ್ಮನೆ ನಿಂತಿದ್ದವು. ನೀರಿನಿಂದ ಕೊಳೆತ ವಾಸನೆ ಬರುತ್ತಿತ್ತು. ಎಷ್ಟು ವರ್ಷಗಳಿಂದ ಬರುತ್ತಿದೆಯೋ, ಮೂಗಿಗೆ ರೂಢಿಯಾಗಿಹೋಗಿತ್ತು.

"ಬೇರೆ ಊರಲ್ಲೂ ಮಕ್ಳಿದ್ದೊ ಅಲ್ದಾ," ಎಂದಳು ಅವಳು. "ಇಲ್ಲೇ ಕಡಿಲಿ."

ಮೂರನೆಯ ದಿನ ಅಮಾವಾಸ್ಯೆ. ಅಂದು ಬೆಳಿಗ್ಗೆ ಶಾನುಭಾಗ್ ಯಂತ್ರದಿಂದ ಕುಷ್ಟ ಗುರಿಕಾರರ ಹನ್ನೊಂದು ವರ್ಷಗಳನ್ನು ತೆಗೆದರು. ಜಲಜಾಕ್ಷಿ ಪಕ್ಕದಲ್ಲೇ ನಿಂತಿದ್ದಳು. ತೆಗೆಯಲು ಹಿಡಿದದ್ದು ನಾಲ್ಕು ನಿಮಿಷ. ಹೆಣ ಸುಡಲಿಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು ಎಂದು ಅವಳಿಗೆ ಅನ್ನಿಸಿತು. ಆಮೇಲೆ ಹಳೆಯ ಗೆರೆಗಳ, ಏರಿಳಿತದ, ಮಳೆಯ ಲೆಕ್ಕವನ್ನು ಯಂತ್ರಕ್ಕೆ ಹಾಕಿದರು. ಹನ್ನೊಂದು ಗಂಟೆಗೆ ಹೊಯಿಗೆಕೆರೆಯ ಮುಂದೆ 'ಇವತ್ತು' ಎಂದು ಹಸಿರಾಗಿ ಮೂಡಿತು, ಸಂಜೆ ನಾಲ್ಕೂಮುಕ್ಕಾಲು ಎಂದು ಹೊತ್ತನ್ನೂ ಹೇಳಿತು. ಏನೂ ಆಗಿಲ್ಲವೆಂಬಂತೆ ಅದೇ ಹಸಿರು, ಅದೇ ಅಕ್ಷರ.

"ಗುಂಡಿ ನಾನು ಒತ್ತುತ್ತೇನೆ, ನೀವು ಹೋಗಿ," ಎಂದರು ಶಾನುಭಾಗ್.

ಜಲಜಾಕ್ಷಿ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಕಪಾಟಿನ ಕೆಳಖಾನೆಯಲ್ಲಿ ಅಪ್ಪಯ್ಯನ ಪಟ್ಟಿ ಇತ್ತು, ಬೆವರಿಗೆ ಬಣ್ಣಗೆಟ್ಟಿತ್ತು. ಅದನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು. ಕೊನೆಯ ತೂತಿಗೆ ಬಿಗಿದರೂ ಅದು ಸಡಿಲವೇ.

ಅವಳು ಕೆರೆಗೆ ಬಂದಾಗ ನಾಲ್ಕು ಗಂಟೆ. ಪೊಲೀಸರು ದೂರದಲ್ಲಿ ಹಗ್ಗ ಕಟ್ಟಿ ಜನರನ್ನು ತಡೆದಿದ್ದರು. ಹಗ್ಗದ ಒಳಗೆ, ಹೂತಿಟ್ಟ ಕೊಳವೆಗಳಿಂದ ನಲವತ್ತು ಹೆಜ್ಜೆ ಈಚೆ, ಗಟ್ಟಿ ದಿಬ್ಬದ ಮೇಲೆ ಮುಕಾಂಬು ಒಬ್ಬಳೇ ನಿಂತಿದ್ದಳು. ಹೆಗಲಿಗೆ ಟ್ಯೂಬಿನ ಹಗ್ಗಗಳನ್ನೆಲ್ಲ ಸುತ್ತಿಕೊಂಡಿದ್ದಳು. ಕೈಯಲ್ಲಿ ಗಂಡನ ಗುದ್ದಲಿ.

"ಅಬ್ಬಿ, ಹಿಂದೆ ಬಾ. ಎಲ್ಲ ಅವ್ರೇ ಮಾಡ್ತ್ರ್. ನಿಂಗೆ ಇಲ್ಲೆಂತ ಕೆಲ್ಸ?"

"ಯಂತ್ರಕ್ಕೆ ಹೆದ್ರಿಕಿ ಇಲ್ಲ ಅಂದ್ಯಲೆ," ಎಂದಳು ಮುಕಾಂಬು. "ಹೆದ್ರುಕೆ ಇಲ್ಲೊಬ್ರಾರೂ ಬೇಕಲ್ದಾ ಮಗಾ. ಇಷ್ಟ್ ವರ್ಷ ಅವ್ರ್ ಹೆದ್ರಿರ್. ಇನ್ನ್ ನಾನ್."

ಜಲಜಾಕ್ಷಿ ಹೋಗಿ ಅಬ್ಬಿಯ ಪಕ್ಕದಲ್ಲಿ ನಿಂತಳು. ಹಗ್ಗದ ಒಂದು ಸುತ್ತನ್ನು ಅಬ್ಬಿಯ ಹೆಗಲಿನಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

ನಾಲ್ಕೂಮುಕ್ಕಾಲಿಗೆ ಮರಳು ಮೆತ್ತಗಾಯಿತು. ಮೊದಲು ಒಂದು ಗುದ್ದಲಿಯಗಲದ ನೀರು, ಆಮೇಲೆ ಒಂದು ಬಾಗಿಲಿನಗಲ, ಆಮೇಲೆ ದಿಬ್ಬದ ಗೋಡೆಗಳು ದೊಪ್ಪನೆ ಕುಸಿಯುತ್ತ ಕೆರೆ ಇಡಿಯಾಗಿ ಎದ್ದು ಕಡಲಿನತ್ತ ಓಡಿತು. ಮೂವತ್ತೊಂದು ವರ್ಷಗಳ ಕಪ್ಪು ಕೆಸರು, ನೈದಿಲೆಯ ಬೇರು, ಕೊಳೆತ ಎಲ್ಲವೂ ಅದರ ಜೊತೆ ಹೋಯಿತು. ಹಗ್ಗದಾಚೆ ಜನ ಕೇಕೆ ಹಾಕಿದರು. ಇಬ್ಬರು ಯುವಕರು ಹಗ್ಗ ನುಸುಳಿ ನೀರಿನತ್ತ ಓಡಿಬಂದರು. ಮುಕಾಂಬು ಗುದ್ದಲಿ ಅಡ್ಡ ಹಿಡಿದು ಅವರೆದುರು ನಿಂತಳು. ಬೈಯಲಿಲ್ಲ, ಕೂಗಲಿಲ್ಲ. ಅವಳ ಮುಖ ನೋಡಿ ಅವರು ತಾವಾಗಿಯೇ ಹಿಂದೆ ಹೋದರು.

ನೀರು ಹರಿಯುವಷ್ಟು ಹೊತ್ತೂ ಅವಳು ಕಡಲನ್ನೇ ನೋಡುತ್ತಿದ್ದಳು. ಒಂದೇ ಒಂದು ಸಲ ಮಾತಾಡಿದಳು, "ಲಂಗ ಹಸ್ರಲ್ದಾ?"

"ಹೌದ್ ಅಬ್ಬಿ. ಹಸ್ರ್."

ಇಳಿತ ತಿರುಗಿ, ಕಡಲು ಮೆಲ್ಲಗೆ ಕೆರೆಯೊಳಕ್ಕೆ ಬರತೊಡಗಿದ ಮೇಲೆ ಇಬ್ಬರೂ ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಕೇಂದ್ರದಲ್ಲಿ ಶಾನುಭಾಗ್ ಬಾಟಲಿಯಲ್ಲಿ ತರಿಸಿದ ಕೆರೆಯ ನೀರನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ನುಚ್ಚಿನಂಥ ಏನೋ ಏಳೆಂಟು ಚುಕ್ಕಿಗಳು, ಬೆನ್ನು ಬಾಗಿಸಿ ಪುಟಿಯುತ್ತಿದ್ದವು. ಸಿಗಡಿಮರಿ. ಜಲಜಾಕ್ಷಿ ನೋಡಿದಳು, ತಲೆಯಾಡಿಸಿದಳು, ತನ್ನ ಕುರ್ಚಿಗೆ ಹೋಗಿ ಕೂತಳು.

ಪರದೆಯಲ್ಲಿ ಹಿಂದಿನ ದಿನದ ಲೆಕ್ಕವಿತ್ತು. ನೀರಿನ ಮಟ್ಟ, ಉಪ್ಪು, ಬಾಯಿಯ ಅಗಲ. ಎಲ್ಲಕ್ಕಿಂತ ಕೆಳಗೆ ಮಣಿಕಟ್ಟಿನ ಹಳೆಯ ಪಟ್ಟಿಯೊಂದರಿಂದ ಬಂದ ಒಂದು ಸಾಲು: ಸಂಜೆ ನಾಲ್ಕರಿಂದ ಆರು, ದಿಬ್ಬದ ಮೇಲೆ, ನಾಡಿ ಓಡುವ ಮನುಷ್ಯನದ್ದು, ಕಾಲು ಕದಲಿಲ್ಲ. ಪಕ್ಕದ ಅಂಕಣದಲ್ಲಿ ಯಂತ್ರ ಷರಾ ಬರೆದಿತ್ತು, 'ಗದ್ದಲ'. ಇಂಥದ್ದನ್ನು ಇಡುವುದೋ ಅಳಿಸುವುದೋ ಎಂದು ಅದು ಕೇಳಿತ್ತು.

ಇಡು ಎಂದು ಜಲಜಾಕ್ಷಿ ಒತ್ತಿದಳು.